ಹಾರ್ಡ್‌ವೇರ್-ನೆಟ್‌ವರ್ಕಿಂಗ್ ಕೋರ್ಸ್ ರಿವ್ಯೂ: ಸರ್ಟಿಫಿಕೇಟ್ ಬಂದಮೇಲೂ ಕೆಲಸಕ್ಕೆ ಏಳು ತಿಂಗಳು ಕಾದೆ

ಬೆಂಗಳೂರಿನ ಒಂದು ಟ್ರೈನಿಂಗ್ ಸೆಂಟರ್‌ನಲ್ಲಿ 2024ರ ಜುಲೈನಿಂದ ಡಿಸೆಂಬರ್‌ವರೆಗೆ ಆರು ತಿಂಗಳ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕೋರ್ಸ್ ಮಾಡಿದೆ. ಫೀ 38 ಸಾವಿರ. ನಮ್ಮದು ತಿಪಟೂರು ಕಡೆ ಹಳ್ಳಿ, ಅಪ್ಪ ಆ ವರ್ಷದ ಕೊಬ್ಬರಿ ಮಾರಿ ಕೊಟ್ಟ ದುಡ್ಡು ಅದು. ಸೆಂಟರ್ ಹೆಸರು ಬರೆಯುವುದಿಲ್ಲ. ಇದು ಆ ಒಂದು ಜಾಗದ ಕಥೆ ಅಲ್ಲ, ನನ್ನ ಪಿಜಿಯಲ್ಲಿದ್ದ ಇನ್ನಿಬ್ಬರು ಬೇರೆ ಬೇರೆ ಕಡೆ ಸೇರಿದ್ದರು, ಅವರಿಗೂ ಹೆಚ್ಚುಕಡಿಮೆ ಇದೇ ಆಯಿತು. ಬಿಕಾಂ, ಬಿಎ, ಡಿಪ್ಲೊಮಾ ಏನೋ ಒಂದು ಮುಗಿಸಿ ಕಂಪ್ಯೂಟರ್ ಸಪೋರ್ಟ್ ಕೆಲಸಕ್ಕೆ ಹೋಗೋಣ ಅಂದುಕೊಂಡಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನೆಟ್‌ವರ್ಕಿಂಗ್ ಹೇಳಿಕೊಟ್ಟ ಸರ್ ನಿಜವಾಗಿಯೂ ಚೆನ್ನಾಗಿ ಕಲಿಸಿದರು. ಕೇಬಲ್ ಕ್ರಿಂಪಿಂಗ್, ಅಂದರೆ ನೆಟ್ ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವುದು, ಅದೊಂದನ್ನೇ ಎರಡು ವಾರ ಮಾಡಿಸಿದರು. ತಂತಿಗಳ ಬಣ್ಣದ ಕ್ರಮ: ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್. ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಂಟು ತಂತಿಯನ್ನೂ ಬೆರಳಲ್ಲಿ ನೇರ ಮಾಡಿ, ಒಂದೇ ಮಟ್ಟಕ್ಕೆ ಕತ್ತರಿಸಿ, ಕನೆಕ್ಟರ್ ಒಳಗೆ ತುದಿಯವರೆಗೆ ತಳ್ಳಿ, ಮೇಲಿನ ಸಿಪ್ಪೆಯೂ ಸ್ವಲ್ಪ ಒಳಗೆ ಹೋಗಿದೆಯಾ ಅಂತ ನೋಡಿಯೇ ಒತ್ತಬೇಕು. ಸಿಪ್ಪೆ ಹೊರಗೇ ಉಳಿದರೆ ಟೆಸ್ಟರ್‌ನಲ್ಲಿ ಪಾಸ್ ಆದರೂ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಇದನ್ನು ಯಾವ ವಿಡಿಯೊದಿಂದಲೂ ನಾನು ಕಲಿಯುತ್ತಿರಲಿಲ್ಲ. ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಸಿಸ್ಟಂನ ವಿಳಾಸ), ಸಬ್‌ನೆಟ್, ಡಿಎಚ್‌ಸಿಪಿ (ಆ ವಿಳಾಸವನ್ನು ತಾನಾಗಿಯೇ ಹಂಚುವ ವ್ಯವಸ್ಥೆ), ಡಿಎನ್‌ಎಸ್ ಎಲ್ಲ ಅವರು ಕನ್ನಡದಲ್ಲೇ ವಿವರಿಸಿದರು. ಅದಕ್ಕೆ ಒಳ್ಳೇ ಮಾರ್ಕ್ಸ್.

ಹಾರ್ಡ್‌ವೇರ್ ಲ್ಯಾಬ್ ಮಾತ್ರ ಬೇಸರ ತರಿಸಿತು. ಬ್ಯಾಚ್‌ನಲ್ಲಿ 22 ಜನ, ಬಿಚ್ಚಿ ನೋಡಲು ನಾಲ್ಕೇ ಕ್ಯಾಬಿನೆಟ್. ಅದರಲ್ಲಿ ಎರಡರಲ್ಲಿ ಇನ್ನೂ ಅಗಲವಾದ ರಿಬ್ಬನ್ ಕೇಬಲ್‌ನ ಹಳೇ ಹಾರ್ಡ್ ಡಿಸ್ಕ್ ಇತ್ತು. ಈಗಿನ ಚಿಕ್ಕ ಡಿಸ್ಕ್ ಎಂ.2 ಎಸ್‌ಎಸ್‌ಡಿ ಹೇಗಿರುತ್ತದೆ ಅಂತ ಪ್ರೊಜೆಕ್ಟರ್‌ನಲ್ಲಿ ಫೋಟೊ ತೋರಿಸಿದರು. ಲ್ಯಾಪ್‌ಟಾಪ್ ಒಂದನ್ನೂ ಬಿಚ್ಚಲಿಲ್ಲ. ಪ್ರಿಂಟರ್ ಇದ್ದದ್ದು ಆಫೀಸಿನಲ್ಲಿ ಮಾತ್ರ, ಅದನ್ನು ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಆಮೇಲೆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ದಿನಕ್ಕೆ ಬರುವ ಕಂಪ್ಲೇಂಟ್‌ನಲ್ಲಿ ಪ್ರಿಂಟರ್‌ದೇ ದೊಡ್ಡ ಪಾಲು.

ಇನ್ನೊಂದು ವಿಷಯ. ಸೆಂಟರ್‌ನವರು ಕೊಟ್ಟ ಪಾಂಪ್ಲೆಟ್‌ನಲ್ಲಿ ಎಂಸಿಎಸ್‌ಎ ಅಂತ ಮೈಕ್ರೋಸಾಫ್ಟ್‌ನ ಒಂದು ಸರ್ಟಿಫಿಕೇಟ್ ಹೆಸರು ದಪ್ಪಕ್ಷರದಲ್ಲಿ ಇತ್ತು. ಮೈಕ್ರೋಸಾಫ್ಟ್ ಆ ಸರ್ಟಿಫಿಕೇಟ್ ಅನ್ನು 2021ರ ಜನವರಿಯಲ್ಲೇ ನಿಲ್ಲಿಸಿಬಿಟ್ಟಿದೆ! ಪಾಠದಲ್ಲಿ ಹೇಳಿಕೊಟ್ಟ ಆಕ್ಟಿವ್ ಡೈರೆಕ್ಟರಿ (ಆಫೀಸಿನ ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಈಗಲೂ ಕೆಲಸಕ್ಕೆ ಬರುತ್ತದೆ, ಅದು ಸರಿ. ಆದರೆ ಇಲ್ಲದ ಪರೀಕ್ಷೆಯ ಹೆಸರಿನಲ್ಲಿ ಫೀ ತೆಗೆದುಕೊಳ್ಳುವುದು ತಪ್ಪು. ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ವಿಷಯದಲ್ಲೂ ಹಾಗೇ, 2020ರ ಫೆಬ್ರವರಿಯಿಂದ ಇರುವುದು 200-301 ಅನ್ನುವ ಒಂದೇ ಪರೀಕ್ಷೆ. ಯಾರಾದರೂ ಇನ್ನೂ ರೂಟಿಂಗ್ ಅಂಡ್ ಸ್ವಿಚಿಂಗ್ ಸಿಸಿಎನ್‌ಎ ಅಂತ ಹೇಳುತ್ತಿದ್ದರೆ ಅವರ ಸಿಲೆಬಸ್ ಎಷ್ಟು ಹಳೇದು ಅಂತ ನೀವೇ ಲೆಕ್ಕ ಹಾಕಿ. ನಾನು ಸೇರುವ ದಿನ ಇದನ್ನು ಕೇಳಲಿಲ್ಲ, ಕೇಳಬೇಕು ಅಂತ ಗೊತ್ತೂ ಇರಲಿಲ್ಲ.

ನಾನು ಬರೆದದ್ದು ಕಾಂಪ್‌ಟಿಯಾ ಎ ಪ್ಲಸ್, ಕಂಪ್ಯೂಟರ್ ಸಪೋರ್ಟ್ ಕೆಲಸದ ಶುರುವಿನ ಸರ್ಟಿಫಿಕೇಟ್. ಇದಕ್ಕೆ ಎರಡು ಪರೀಕ್ಷೆ, ಕೋರ್ 1 ಮತ್ತು ಕೋರ್ 2. ಎರಡಕ್ಕೂ ಬೇರೆ ಬೇರೆ ದುಡ್ಡು. ಕೋರ್ಸ್ ಫೀನಲ್ಲಿ ಇದು ಸೇರಿರುವುದಿಲ್ಲ, ಸೇರುವಾಗ ಬಾಯಿಬಿಟ್ಟು ಕೇಳಿ. ಒಂದೊಂದಕ್ಕೂ 90 ನಿಮಿಷ, ಜಾಸ್ತಿ ಅಂದರೆ 90 ಪ್ರಶ್ನೆ. 900ಕ್ಕೆ ಕೋರ್ 1ರಲ್ಲಿ 675, ಕೋರ್ 2ರಲ್ಲಿ 700 ಬಂದರೆ ಪಾಸ್. ಶುರುವಿನಲ್ಲೇ ಕೆಲವು ಪ್ರಶ್ನೆಗಳಲ್ಲಿ ಸುಮ್ನೆ ಟಿಕ್ ಹಾಕಿದರೆ ಆಗಲ್ಲ, ಪರದೆಯ ಮೇಲೇ ಜೋಡಿಸಬೇಕು, ಸೆಟ್ಟಿಂಗ್ ಮಾಡಬೇಕು. ನನ್ನ ಟೈಮ್ ಎಲ್ಲ ಅಲ್ಲೇ ಹೋಗುತ್ತಿತ್ತು, ಆಮೇಲೆ ಅವನ್ನು ಕೊನೆಗೆ ಇಟ್ಟುಕೊಳ್ಳುವುದು ಕಲಿತೆ. ಕೋರ್ 1 ಅನ್ನು ಡಿಸೆಂಬರ್‌ನಲ್ಲಿ, ಕೋರ್ 2 ಅನ್ನು 2025ರ ಫೆಬ್ರವರಿಯಲ್ಲಿ ಪಾಸ್ ಮಾಡಿದೆ. ನಾನು ಬರೆದದ್ದು 1101, 1102 ಸರಣಿ. ಅದು 2025ರ ಸೆಪ್ಟೆಂಬರ್‌ಗೆ ನಿಂತಿತು, ಈಗ ನಡೆಯುತ್ತಿರುವುದು 1201 ಮತ್ತು 1202. ಸೆಕೆಂಡ್ ಹ್ಯಾಂಡ್ ಪುಸ್ತಕ ತೆಗೆದುಕೊಳ್ಳುವವರು ಮುಖಪುಟದ ಮೇಲಿನ ಈ ನಂಬರ್ ನೋಡಿ ತೆಗೆದುಕೊಳ್ಳಿ.

ಪರೀಕ್ಷೆಗೆ ನಿಜವಾಗಿ ಓದಿದ್ದು ಯೂಟ್ಯೂಬ್‌ನ ಪ್ರೊಫೆಸರ್ ಮೆಸರ್ ಅವರ ವಿಡಿಯೊಗಳಿಂದ. ಪೂರ್ತಿ ಸಿಲೆಬಸ್ ಇದೆ, ಒಂದು ಪೈಸೆ ಇಲ್ಲ. ಇಂಗ್ಲಿಷ್ ನಿಧಾನ ಮತ್ತು ಸ್ಪಷ್ಟ, ಕನ್ನಡ ಮೀಡಿಯಂನಲ್ಲಿ ಓದಿದ ನನಗೂ ಅರ್ಥವಾಯಿತು. ಸೆಂಟರ್‌ನಲ್ಲಿ 'ರಿಯಲ್ ಕ್ವೆಶ್ಚನ್' ಅಂತ ಒಂದು ಪಿಡಿಎಫ್ ಓಡಾಡುತ್ತಿತ್ತು, ಅದನ್ನು ನಾನು ತೆರೆಯಲಿಲ್ಲ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು ಮಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬಾಯಿಪಾಠ ಮಾಡಿ ಪಾಸಾದವರನ್ನು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ.

ಪಾಸಾದ ಮೇಲೆ ಸೆಂಟರ್‌ನ 'ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್' ಶುರುವಾಯಿತು. ಅಸಿಸ್ಟೆನ್ಸ್ ಅಂದರೆ ಒಂದು ವಾಟ್ಸಾಪ್ ಗ್ರೂಪ್. ಯಾರೋ ಎಲ್ಲೋ ಹಾಕಿದ ವಾಕ್-ಇನ್ ನೋಟಿಸ್‌ಗಳನ್ನು ಅಲ್ಲಿಗೆ ಫಾರ್ವರ್ಡ್ ಮಾಡುತ್ತಿದ್ದರು. ಅರ್ಧದಷ್ಟು ಡೇಟ್ ಮುಗಿದವು. ಎರಡು ಸಲ ಬೆಳಗ್ಗೆ ಆರಕ್ಕೆ ಎದ್ದು, ಮೂರು ಬಸ್ ಬದಲಾಯಿಸಿ ಹೋಗಿ, ಸೆಕ್ಯೂರಿಟಿ ಅಣ್ಣ 'ಅದು ಹೋದ ವಾರ ಮುಗೀತಮ್ಮ' ಅಂದದ್ದು ಕೇಳಿ ವಾಪಸ್ ಬಂದಿದ್ದೇನೆ. 38 ಸಾವಿರದಲ್ಲಿ ಈ ಗ್ರೂಪ್‌ಗೂ ಒಂದು ಪಾಲು ಇದೆ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ವಂತವಾಗಿ ಹುಡುಕಿದ್ದು ನೌಕ್ರಿ, ಲಿಂಕ್ಡ್‌ಇನ್, ಅಪ್ನಾ ಮೂರರಲ್ಲೂ. ಶುರುವಿನ ಕೆಲಸಗಳು ಮೂರು ಥರ ಇರುತ್ತವೆ. ಸರ್ವಿಸ್ ಡೆಸ್ಕ್ ಅಂದರೆ ಫೋನ್ ಮತ್ತು ಚಾಟ್‌ನಲ್ಲೇ ಸಮಸ್ಯೆ ಬಗೆಹರಿಸುವುದು, ಇಂಗ್ಲಿಷ್ ಸರಾಗವಾಗಿರಬೇಕು, ನೈಟ್ ಶಿಫ್ಟ್ ಇರುತ್ತದೆ. ಡೆಸ್ಕ್‌ಟಾಪ್ ಸಪೋರ್ಟ್ ಅಂದರೆ ಯಾವುದಾದರೂ ಆಫೀಸಿನಲ್ಲೇ ಕೂತು ಅಲ್ಲಿನವರ ಸಿಸ್ಟಂ ನೋಡಿಕೊಳ್ಳುವುದು. ಕೂರುವುದು ದೊಡ್ಡ ಕಂಪನಿಯಲ್ಲಿ, ಸಂಬಳ ಮಾತ್ರ ಬೇರೆ ಯಾವುದೋ ಕಂಪನಿಯ ಪೇರೋಲ್‌ನಿಂದ. ಫೀಲ್ಡ್ ಎಂಜಿನಿಯರ್ ಅಂದರೆ ಊರೆಲ್ಲ ಸುತ್ತುವುದು. ಅದಕ್ಕೆ ಸ್ವಂತ ಬೈಕ್ ಇರಬೇಕು, ಎಷ್ಟೋ ಜಾಹೀರಾತಿನಲ್ಲಿ ಗಂಡುಮಕ್ಕಳು ಮಾತ್ರ ಅಂತ ನೇರವಾಗಿ ಬರೆದಿರುತ್ತಾರೆ. ನಾನು ಸ್ಕೂಟಿ ಓಡಿಸುತ್ತೇನೆ, ಸ್ಕ್ರೂಡ್ರೈವರ್ ಹಿಡಿಯುತ್ತೇನೆ, ಇನ್ನೇನು ಬೇಕು ಅಂತ ಫೋನ್ ಮಾಡಿ ಕೇಳಿದ್ದೇನೆ. ಒಬ್ಬರೂ ಸರಿಯಾದ ಉತ್ತರ ಕೊಡಲಿಲ್ಲ.

ಎಲ್ಲ ಕಡೆ ಒಂದೇ ಸಾಲು: ಫ್ರೆಶರ್ಸ್ ಬರಬಹುದು, ಒಂದು ವರ್ಷದ ಅನುಭವ ಬೇಕು. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಅಂತ ತಲೆಕೆಟ್ಟು ಹೋಗಿತ್ತು. ಆಮೇಲೆ ಎ ಪ್ಲಸ್‌ನ ಅಧಿಕೃತ ಪುಟ ಓದಿದಾಗ ಅಲ್ಲೂ ಅದೇ ಇದೆ, ಸುಮಾರು 12 ತಿಂಗಳು ಕೈಯಾರೆ ಕೆಲಸ ಮಾಡಿದವರಿಗೆ ಸರಿಹೊಂದುವ ಪರೀಕ್ಷೆ ಅಂತ. ಕಡ್ಡಾಯ ಅಲ್ಲ, ಶಿಫಾರಸು ಅಷ್ಟೇ. ಆದರೆ ಕೋರ್ಸ್ ಮಾರುವವರು ಈ ಸಾಲನ್ನು ಒಮ್ಮೆಯೂ ನಮಗೆ ಓದಿ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಇಂಟರ್‌ವ್ಯೂ ಬಂತು. ಮೊದಲ ಸುತ್ತು ಸರ್ಟಿಫಿಕೇಟ್ ನೋಡಿಯೇ ಪಾಸ್ ಮಾಡಿದರು, ಅಷ್ಟು ಉಪಕಾರ ಅದರಿಂದ ಆಯಿತು. ಎರಡನೇ ಸುತ್ತಿನಲ್ಲಿ ಮೇಜಿನ ಮೇಲೆ ಒಂದು ಚಿಕ್ಕ ಡೆಸ್ಕ್‌ಟಾಪ್ ಇಟ್ಟರು. 'ಪವರ್ ಬರುತ್ತೆ, ಡಿಸ್‌ಪ್ಲೇ ಬರಲ್ಲ. ನೋಡಿ ಮೇಡಂ' ಅಂದರು. ನಾನು ಪರೀಕ್ಷೆಗೆ ಓದಿದ ಆರು ಹಂತ ಹೇಳತೊಡಗಿದೆ. ಸಮಸ್ಯೆ ಗುರುತಿಸುವುದು, ಕಾರಣ ಊಹಿಸುವುದು, ಊಹೆ ಪರೀಕ್ಷಿಸುವುದು... 'ಅದೆಲ್ಲ ಸರಿ, ಬಿಚ್ಚಿ ನೋಡಿ' ಅಂದರು. ನಾನು ಹಿಂದೆ ಸ್ಕ್ರೂ ಹುಡುಕಿದೆ. ಸ್ಕ್ರೂ ಇಲ್ಲ. ಅದು ಒಂದು ಲಿವರ್ ಎಳೆದರೆ ಪೂರ್ತಿ ಮುಚ್ಚಳ ಜಾರಿಬರುವ ಥರದ್ದು, ನಮ್ಮ ಲ್ಯಾಬ್‌ನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಬೆವರಿಬಿಟ್ಟೆ. ಅವರೇ ಎಳೆದು ತೋರಿಸಿದರು. ರ‍್ಯಾಮ್ ಒಂದು ಕಡೆ ಎದ್ದಿತ್ತು, ಕೂರಿಸಿದೆ, ಡಿಸ್‌ಪ್ಲೇ ಬಂತು. ಆದರೆ ಅಷ್ಟರಲ್ಲಿ ಹದಿನೈದು ನಿಮಿಷ ಹೋಗಿತ್ತು. 'ಫೋನ್ ಮಾಡ್ತೀವಿ' ಅಂದರು, ಮಾಡಲಿಲ್ಲ.

ಅದೇ ತಿಂಗಳು ಒಂದು ಕನ್ಸಲ್ಟೆನ್ಸಿಯಿಂದ ಕರೆ ಬಂತು. 15 ಸಾವಿರ ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ, ಸ್ಯಾಲರಿ ಸ್ಲಿಪ್ ಎಲ್ಲ ಮಾಡಿಕೊಡುತ್ತಾರಂತೆ. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ ಅಲ್ವಾ. ಪಿಜಿಯಲ್ಲಿದ್ದ ಅಕ್ಕ ಒಬ್ಬರು ಎಚ್‌ಆರ್ ಕೆಲಸದಲ್ಲಿದ್ದರು, ಅವರು ತಡೆದರು. ಈಗ ಹಿಂದಿನ ಕೆಲಸವನ್ನು ಯುಎಎನ್, ಅಂದರೆ ಪಿಎಫ್ ಇರುವ ಪ್ರತಿಯೊಬ್ಬರಿಗೂ ಕೊಡುವ ನಂಬರ್‌ನಿಂದಲೇ ನೋಡುತ್ತಾರಂತೆ, ಯಾವ ಕಂಪನಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಎಲ್ಲ ಅದರಲ್ಲಿ ಇರುತ್ತದೆ. ಕಾಗದದಲ್ಲಿ ಎರಡು ವರ್ಷ, ಪಿಎಫ್‌ನಲ್ಲಿ ಸೊನ್ನೆ ಅಂದರೆ ವೆರಿಫಿಕೇಶನ್‌ನಲ್ಲೇ ಸಿಕ್ಕಿಬೀಳುತ್ತಾರೆ, ಸೇರಿ ಮೂರು ತಿಂಗಳಾದ ಮೇಲೂ ತೆಗೆದುಹಾಕಿದ್ದನ್ನು ಅವರು ನೋಡಿದ್ದಾರೆ. ಕೆಲಸ ಕೊಡಿಸಲು ದುಡ್ಡು ಕೇಳುವವರು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವವರು, ಇಬ್ಬರಿಂದಲೂ ದೂರ ಇರಿ.

ನನ್ನ ದಾರಿ ತಿರುಗಿದ್ದು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ನಲ್ಲಿ. ಮೇ ತಿಂಗಳು. ಮನೆಯಲ್ಲೇ ಲ್ಯಾಬ್ ಮಾಡಿಕೊಳ್ಳೋಣ ಅಂತ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೇ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡಿದ್ದೆ. ಅದು ಉಚಿತ. ವಿಂಡೋಸ್ ಸರ್ವರ್‌ನ 180 ದಿನದ ಟ್ರಯಲ್ ಕಾಪಿಯನ್ನು ಮೈಕ್ರೋಸಾಫ್ಟೇ ಕೊಡುತ್ತದೆ. ಅದರಲ್ಲಿ ಡೊಮೈನ್ (ಒಂದೇ ಸರ್ವರ್ ಕೆಳಗೆ ಬರುವ ಸಿಸ್ಟಂ ಮತ್ತು ಯೂಸರ್‌ಗಳ ಗುಂಪು) ಮಾಡಿ, ಇಪ್ಪತ್ತು ಯೂಸರ್ ಸೇರಿಸಿ, ಪಾಸ್‌ವರ್ಡ್ ರೀಸೆಟ್, ಅಕೌಂಟ್ ಅನ್‌ಲಾಕ್, ಇನ್ನೊಂದು ವರ್ಚುವಲ್ ಸಿಸ್ಟಂ ಅನ್ನು ಡೊಮೈನ್‌ಗೆ ಸೇರಿಸುವುದು ಎಲ್ಲ ಮಾಡಬಹುದು. ಸೆಂಟರ್‌ನಲ್ಲಿ ಒಂದು ದಿನ ತೋರಿಸಿದ್ದನ್ನು ಇಲ್ಲಿ ನೂರು ಸಲ ಮಾಡಿದೆ. ಆದರೆ ನನ್ನ ಲ್ಯಾಪ್‌ಟಾಪ್‌ನ 8 ಜಿಬಿ ಸಾಲುತ್ತಿರಲಿಲ್ಲ, ಇನ್ನೊಂದು 8 ಜಿಬಿ ರ‍್ಯಾಮ್ ತರಲು ಹೋದೆ. ಅಂಗಡಿ ಗಾಜಿನ ಮೇಲೆ 'ಸರ್ವಿಸ್‌ಗೆ ಹುಡುಗರು ಬೇಕಾಗಿದ್ದಾರೆ' ಅಂತ ಚೀಟಿ. ಕೇಳಿಯೇಬಿಟ್ಟೆ. ಯಜಮಾನರು ಒಂದು ನಿಮಿಷ ಸುಮ್ಮನಿದ್ದರು. 'ಹುಡುಗೀರನ್ನ ಇಲ್ಲೀವರೆಗೂ ಇಟ್ಕೊಂಡಿಲ್ಲಮ್ಮ. ಒಂದು ವಾರ ಬಾ, ನೋಡೋಣ' ಅಂದರು. ತಿಂಗಳಿಗೆ 8 ಸಾವಿರ. ಪಿಜಿ ಬಾಡಿಗೆಗೂ ಸಾಲದು. ಆದರೂ ಹೋದೆ, ಅಪ್ಪ ಇನ್ನೊಂದು ಸಲ ದುಡ್ಡು ಕಳಿಸಿದರು.

ಮೂರೂವರೆ ತಿಂಗಳು ಅಲ್ಲಿದ್ದೆ. ಮೊದಲ ದಿನವೇ ಒಂದು ಡಿಸ್‌ಪ್ಲೇ ಬಾರದ ಸಿಸ್ಟಂ. ಯಜಮಾನರು ಪವರ್ ಕೇಬಲ್ ಕಿತ್ತು, ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಶಾಲೆ ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದರು. ಪೇಂಟ್ ಬ್ರಷ್‌ನಿಂದ ಸ್ಲಾಟ್ ಧೂಳು ತೆಗೆದರು. 'ಈಗ ನೀನು ಕೂರಿಸು' ಅಂದರು. ನಾನು ಹೆದರಿ ಹೆದರಿ ಒತ್ತಿದೆ. 'ಇನ್ನೂ ಒತ್ತಮ್ಮ, ಮುರಿಯಲ್ಲ. ಎರಡೂ ಕಡೆ ಟಕ್ ಅನ್ನಬೇಕು.' ಟಕ್ ಅಂದಿತು. ಎಷ್ಟು ಬಲ ಹಾಕಬೇಕು ಅನ್ನುವುದು ಕೈಗೆ ಗೊತ್ತಾಗಬೇಕು, ಪುಸ್ತಕದಲ್ಲಿ ಅದನ್ನು ಹೇಗೆ ಬರೆಯುತ್ತಾರೆ ಹೇಳಿ.

ಗಿರಾಕಿ ಹತ್ತಿರ ಮಾತಾಡುವುದನ್ನೂ ಅಲ್ಲೇ ಕಲಿತೆ. ಹತ್ತಿರದ ಒಬ್ಬರು ವಕೀಲರ ಆಫೀಸಿನಿಂದ ಕರೆ, ಪ್ರಿಂಟರ್ ಕೆಟ್ಟಿದೆ ಅಂತ. ಹೋಗಿ ನೋಡಿದರೆ ಪ್ರಿಂಟರ್ ಸೊಗಸಾಗಿದೆ, ಕಂಪ್ಯೂಟರ್‌ನಲ್ಲಿ ಮಾತ್ರ ಆಫ್‌ಲೈನ್ ಅಂತ ತೋರಿಸುತ್ತಿದೆ. 'ನಿನ್ನೆವರೆಗೂ ಸರಿ ಇತ್ತಾ ಅಂಕಲ್? ಮಧ್ಯೆ ಏನಾದರೂ ಬದಲಾಯಿಸಿದ್ರಾ?' ಅಂತ ಗುಮಾಸ್ತರನ್ನು ಕೇಳಿದೆ. ಇಂಟರ್‌ನೆಟ್‌ನವರು ಬಂದು ಹೊಸ ರೂಟರ್ ಹಾಕಿ ಹೋಗಿದ್ದರು. ಹೊಸ ರೂಟರ್ ಪ್ರಿಂಟರ್‌ಗೆ ಬೇರೆ ಐಪಿ ಕೊಟ್ಟಿತ್ತು, ಕಂಪ್ಯೂಟರ್ ಇನ್ನೂ ಹಳೇ ಐಪಿಗೇ ಕಳಿಸುತ್ತಿತ್ತು. ಕಂಪ್ಯೂಟರ್‌ನಲ್ಲಿ ಪ್ರಿಂಟರ್‌ನ ಪೋರ್ಟ್ ಅನ್ನು ಹೊಸ ಐಪಿಗೆ ಬದಲಾಯಿಸಿ, ರೂಟರ್‌ನಲ್ಲಿ ಪ್ರಿಂಟರ್‌ಗೆ ಆ ಐಪಿಯನ್ನೇ ಖಾಯಂ ಮಾಡಿ ಬಂದೆ. ಎ ಪ್ಲಸ್‌ನಲ್ಲಿ ಓದಿದ್ದು ಅವತ್ತು ಹಾಗೇ ನೆನಪಿಗೆ ಬಂತು. ಆರು ಹಂತದಲ್ಲಿ ಮೊದಲನೆಯದು ಕೇಳುವುದೇ ತಾನೆ.

ಆರನೇ ಹಂತ, ಮಾಡಿದ್ದನ್ನು ಬರೆದಿಡುವುದು. ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ದಿನಾಂಕ, ಕಂಪ್ಲೇಂಟ್, ನಿಜವಾದ ಕಾರಣ, ಮಾಡಿದ ಕೆಲಸ, ಹಿಡಿದ ಸಮಯ. ಬಿಡುವಷ್ಟರಲ್ಲಿ 132 ಸಿಸ್ಟಂ ಆಗಿತ್ತು. ರೆಸ್ಯೂಮೆಯ ಮೊದಲ ಪುಟದಲ್ಲಿ 'ಕ್ವಿಕ್ ಲರ್ನರ್, ಟೀಮ್ ಪ್ಲೇಯರ್' ಅಂತ ಸೆಂಟರ್‌ನವರು ಬರೆಸಿದ್ದ ಸಾಲುಗಳನ್ನೆಲ್ಲ ತೆಗೆದು ಈ ಲೆಕ್ಕ ಹಾಕಿದೆ. ಅಲ್ಲಿಂದ ಕರೆಗಳು ಬರುವುದು ಜಾಸ್ತಿ ಆಯಿತು.

ಕೆಲಸ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಕಾಲವೂ ಕೂಡಿಬಂತು. ವಿಂಡೋಸ್ 10ರ ಸಪೋರ್ಟ್ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ಕಂಪನಿಗಳು ಸಾವಿರಗಟ್ಟಲೆ ಸಿಸ್ಟಂಗಳನ್ನು ವಿಂಡೋಸ್ 11ಕ್ಕೆ ತರಲು ಜನ ಹುಡುಕುತ್ತಿದ್ದವು. ಮೂರು ತಿಂಗಳ ಕಾಂಟ್ರ್ಯಾಕ್ಟ್, ಕೈಗೆ 16,500. ಇಂಟರ್‌ವ್ಯೂನಲ್ಲಿ ಕೇಳಿದ್ದು ಇಷ್ಟು: ಯೂಸರ್‌ಗೆ ನೆಟ್ ಬರುತ್ತಿಲ್ಲ, ಐಪಿ 169.254ರಿಂದ ಶುರುವಾಗಿದೆ, ಏನು ಮಾಡುತ್ತೀರಿ? ಡಿಎಚ್‌ಸಿಪಿಯಿಂದ ಐಪಿ ಸಿಕ್ಕಿಲ್ಲ, ಸಿಸ್ಟಂ ತಾನೇ ಒಂದು ಹಾಕಿಕೊಂಡಿದೆ. ಮೊದಲು ಕೇಬಲ್ ಮತ್ತು ಪೋರ್ಟ್ ಲೈಟ್ ನೋಡುತ್ತೇನೆ, ಪಕ್ಕದವರಿಗೂ ಹೀಗೇ ಆಗಿದೆಯಾ ಕೇಳುತ್ತೇನೆ, ಆಮೇಲೆ ಐಪಿಯನ್ನು ಮತ್ತೆ ಕೇಳುವ ರಿನ್ಯೂ ಕಮಾಂಡ್ ಕೊಡುತ್ತೇನೆ ಅಂದೆ. ಎರಡನೆಯದು, ವಿಂಡೋಸ್ 11 ಹಾಕಲು ಹೋದರೆ ಅದಕ್ಕೆ ಬೇಕಾದ ಭದ್ರತಾ ಚಿಪ್ ಟಿಪಿಎಂ ಇಲ್ಲ ಅನ್ನುತ್ತಿದೆ. ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೆನೋ! ಬಯೋಸ್‌ನಲ್ಲಿ (ಸಿಸ್ಟಂ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ, ಇಂಟೆಲ್‌ನಲ್ಲಿ ಪಿಟಿಟಿ ಅಂತಲೂ ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಇರುತ್ತದೆ, ಆದರೆ ಬಯೋಸ್ ಮುಟ್ಟುವ ಮುಂಚೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿ ಸಸ್ಪೆಂಡ್ ಮಾಡಬೇಕು, ಇಲ್ಲವಾದರೆ 48 ಅಂಕಿಯ ರಿಕವರಿ ಕೀ ಕೇಳಿ ನಿಂತುಬಿಡುತ್ತದೆ ಅಂದೆ. ಕೇಳಿದವರು ಪೆನ್ ಕೆಳಗಿಟ್ಟು, ನೋಟ್‌ಬುಕ್ ತೋರಿಸಿ ಅಂದರು. ಪುಟ ತಿರುಗಿಸಿ ತಿರುಗಿಸಿ ನೋಡಿದರು.

ವೆರಿಫಿಕೇಶನ್‌ನಲ್ಲೂ ತೊಂದರೆ ಆಗಲಿಲ್ಲ. ಇಪ್ಪತ್ತು ಜನ ಇಲ್ಲದ ಅಂಗಡಿಗೆ ಪಿಎಫ್ ಕಡ್ಡಾಯ ಇಲ್ಲ, ಹಾಗಾಗಿ ನನಗೆ ಪಿಎಫ್ ಇರಲಿಲ್ಲ. ಫಾರ್ಮ್‌ನಲ್ಲಿ ಅದನ್ನೇ ಬರೆದು, ಲೆಟರ್‌ಹೆಡ್‌ನಲ್ಲಿ ಯಜಮಾನರು ಕೊಟ್ಟ ಪತ್ರ ಇಟ್ಟೆ. ಅವರಿಗೇ ಫೋನ್ ಮಾಡಿ ಕೇಳಿದರಂತೆ. ಡಿಸೆಂಬರ್‌ನಲ್ಲಿ ಕಾಂಟ್ರ್ಯಾಕ್ಟ್ ಮುಗಿದಾಗ ನನ್ನನ್ನೂ ಇನ್ನೊಬ್ಬರನ್ನೂ ಉಳಿಸಿಕೊಂಡರು. ಈಗ ದಿನಕ್ಕೆ ಹದಿನೈದು-ಇಪ್ಪತ್ತು ಟಿಕೆಟ್, ಅಂದರೆ ಕಂಪ್ಲೇಂಟ್. ಸಂಬಳದಲ್ಲಿ ಮೊದಲು ಅಪ್ಪನಿಗೆ ಕಳಿಸುತ್ತಿದ್ದೇನೆ.

ಹಾಗಾದರೆ ಯಾವುದಕ್ಕೆ ಎಷ್ಟು ಕೊಡುತ್ತೀಯ ಅಂತ ಕೇಳಿದರೆ: ಸೆಂಟರ್‌ನ ನೆಟ್‌ವರ್ಕಿಂಗ್ ಪಾಠಕ್ಕೆ ಐದಕ್ಕೆ ನಾಲ್ಕು, ಹಾರ್ಡ್‌ವೇರ್ ಲ್ಯಾಬ್‌ಗೆ ಒಂದು, ಪ್ಲೇಸ್‌ಮೆಂಟ್‌ಗೆ ಏನೂ ಇಲ್ಲ. ಎ ಪ್ಲಸ್‌ಗೆ ನಾಲ್ಕು ಕೊಡುತ್ತೇನೆ. ದುಬಾರಿ, ಮೂರು ವರ್ಷಕ್ಕೇ ಅವಧಿ ಮುಗಿಯುತ್ತದೆ, ಆದರೆ ಅದಿಲ್ಲದಿದ್ದರೆ ಬಿಕಾಂ ಓದಿದ ನನ್ನ ರೆಸ್ಯೂಮೆಯನ್ನು ಯಾರೂ ತೆರೆಯುತ್ತಿರಲಿಲ್ಲ. ಅಷ್ಟು ದುಡ್ಡು ಇಲ್ಲದವರಿಗೆ ಕೋರ್ಸೆರಾದಲ್ಲಿ ಗೂಗಲ್‌ನ ಐಟಿ ಸಪೋರ್ಟ್ ಕೋರ್ಸ್ ಇದೆ, 2018ರಿಂದ ನಡೆಯುತ್ತಿದೆ, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನನ್ನ ಜೊತೆ ಕೆಲಸದಲ್ಲಿ ಉಳಿದುಕೊಂಡ ಹುಡುಗ ಅದನ್ನೇ ಮಾಡಿದವನು. ಡಿಗ್ರಿ, ಡಿಪ್ಲೊಮಾ ಆದವರು ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಅಪ್ರೆಂಟಿಸ್‌ಗೂ ಹೆಸರು ಹಾಕಿ. ಸ್ಟೈಪೆಂಡ್ ಬರುತ್ತದೆ, ಕೊನೆಗೆ ಸಿಗುವ ಸರ್ಟಿಫಿಕೇಟ್ ಅಪ್ಪಟ ಅನುಭವದ ಕಾಗದ. ನನಗೆ ಇದು ತಡವಾಗಿ ಗೊತ್ತಾಯಿತು. ಇನ್ನು ಎಸ್‌ಪಿ ರೋಡ್‌ನ ಆ ಅಂಗಡಿಗೆ ಐದಕ್ಕೆ ಐದು. ಅಲ್ಲಿ ನಾನು ದುಡ್ಡು ಕಟ್ಟಿರಲೇ ಇಲ್ಲ, ಅವರೇ ಕೊಟ್ಟು ಕಲಿಸಿದರು.

ಈಗ ಸಿಸಿಎನ್‌ಎ ಓದಲು ಶುರು ಮಾಡಿದ್ದೇನೆ. ಮನೆಯಲ್ಲಿ ಅಭ್ಯಾಸಕ್ಕೆ ಸಿಸ್ಕೊದವರ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಇದೆ, ಅದೂ ಉಚಿತ. ಹೋದ ಭಾನುವಾರ ಇನ್ನೊಂದು ಸೆಂಟರ್‌ಗೆ ಹೋಗಿದ್ದೆ. ಕೌಂಟರ್‌ನಲ್ಲಿದ್ದ ಮೇಡಂ ಫೀ ಹೇಳುವ ಮುಂಚೆಯೇ 'ಮೊದಲು ಲ್ಯಾಬ್ ತೋರಿಸಿ' ಅಂದೆ. ಕರೆದುಕೊಂಡು ಹೋಗಿ ತೋರಿಸಿದರು. ಮೂರು ಸ್ವಿಚ್, ಎರಡು ರೂಟರ್, ಬ್ಯಾಚ್‌ಗೆ ಎಂಟು ಜನ, ಗೋಡೆ ಮೇಲೆ 200-301ರ ಸಿಲೆಬಸ್. ಶನಿವಾರ ಡೆಮೊ ಕ್ಲಾಸ್‌ಗೆ ಬನ್ನಿ ಅಂದಿದ್ದಾರೆ. ಹೋಗಿ ಬಂದು ಹೇಗಿತ್ತು ಅಂತ ಇಲ್ಲೇ ಬರೆಯುತ್ತೇನೆ.